ಗನ್ ಲೈಸೆನ್ಸ್ ಅರ್ಜಿಗೆ ಮುಂಚೆ ಬಂದ ಎರಡು ಅರ್ಜಿಗಳು

ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,
ಚಿಕ್ಕಬಳ್ಳಾಪುರ ಜಿಲ್ಲೆ

ಮಾನ್ಯರೇ,

ನಾನು ಚಿಂತಾಮಣಿಯಲ್ಲಿ ಅರ್ಜಿ ಬರೆಯುವವನು. ಮೊದಲು ಟೈಪ್‌ರೈಟರ್ ಇತ್ತು. ಈಗ ಒಂದು ಹಳೇ ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಮೂವತ್ತು ವರ್ಷದಿಂದ ಬೇರೆಯವರ ಸಹಿಯ ಮೇಲೆ ಬರುವ ಸಾಲುಗಳನ್ನು ಬರೆಯುತ್ತಾ ಬಂದಿದ್ದೇನೆ. 'ಸದರಿ ಜಮೀನಿನಲ್ಲಿ', 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಇಂಥವೆಲ್ಲ ಕೈಗೆ ಅಂಟಿಕೊಂಡುಬಿಟ್ಟಿವೆ. ಈ ಪತ್ರದಲ್ಲಿ ಅವು ಬೇಡ. ಇದು ನನ್ನದೇ ಸಹಿಗೆ ನಾನು ಬರೆಯುತ್ತಿರುವ ಮೊದಲ ಅರ್ಜಿ.

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿರುವುದಕ್ಕೆ ಕಾರಣ ಇದೆ. ಬಂದೂಕಿನ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿಗಳು. ಕೊಡಬಹುದಾ ಬೇಡವಾ ಅಂತ ವರದಿ ಕಳಿಸುವುದು ಪೊಲೀಸರು. ಹೋದ ತಿಂಗಳು ನನ್ನ ಮೇಜಿಗೆ ಬಂದ ಒಂದು ಕಾಗದ ನಿಮ್ಮಿಬ್ಬರ ಕಚೇರಿಗೂ ಸೇರಿದ್ದು.

ಬಂದವರು ನಲವತ್ತರ ಆಸುಪಾಸಿನ ರೈತರು. ಹೆಸರು, ಊರು ಬೇಡ. ಎರಡೂವರೆ ಎಕರೆಯಲ್ಲಿ ಟೊಮೇಟೊ, ಸ್ವಲ್ಪ ಹಿಪ್ಪುನೇರಳೆ. ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಪಹಣಿ, ನಾಲ್ಕು ಫೋಟೋ ತಂದಿದ್ದರು. 'ಅಣ್ಣಾ, ಗನ್ ಲೈಸೆನ್ಸಿಗೆ ಆನ್‌ಲೈನಲ್ಲಿ ಹಾಕ್ಬೇಕಂತೆ, ಹಾಕ್ಕೊಡಿ' ಅಂದರು. ಹಾಕಿಕೊಡೋಣ ಅಂತ ಕೂತೆ. ಕಾರಣ ಕೇಳುವ ಕಡೆ ಬಂದಾಗ 'ಬೆಳೆ ರಕ್ಷಣೆ ಅಂತ ಬರೀಲಾ? ಹಂದಿ ಕಾಟ ಇದೆಯಾ?' ಅಂದೆ. ಅವರು ನಗಲಿಲ್ಲ. 'ಹಂದಿ ಬರತ್ತೆ. ಆದ್ರೆ ಹಂದಿಗಲ್ಲಣ್ಣ. ನಮ್ ಚಿಕ್ಕಪ್ಪನ ಮಗನಿಗೆ' ಅಂದರು.

ಆಮೇಲೆ 'ಸುಮ್ನೆ ಹೆದರಿಸಕ್ಕೆ' ಅಂತ ಸೇರಿಸಿದರು.

ನನಗೆ ಆಗ ಅವರ ಗುರುತು ಹತ್ತಿತು. ಕಂಪ್ಯೂಟರಿನಲ್ಲಿ ಅವರ ಹೆಸರು ಹುಡುಕಿದೆ. ಎರಡು ಹಳೇ ಅರ್ಜಿ ಸಿಕ್ಕವು. ಮೊದಲನೆಯದು ಎರಡು ವರ್ಷದ ಹಿಂದಿನದು, ಹದ್ದುಬಸ್ತಿಗೆ ಕೊಟ್ಟದ್ದು. ದಾಯಾದಿ ಬದು ಒತ್ತಿದ್ದಾರೆ, ಸರ್ವೇಯರ್ ಬಂದು ಅಳೆದು ಕಲ್ಲು ನೆಡಬೇಕು ಅಂತ. ಎರಡನೆಯದು ಒಂದು ವರ್ಷದ ಹಿಂದಿನದು, ಪೊಲೀಸ್ ಠಾಣೆಗೆ. ಬೋರ್‌ವೆಲ್ ಪೈಪು ಕೊಯ್ದಿದ್ದಾರೆ, ಕೇಳಲು ಹೋದರೆ ಮಚ್ಚು ತೋರಿಸಿದ್ದಾರೆ ಅಂತ. ಎರಡನ್ನೂ ನಾನೇ ಬರೆದಿದ್ದೆ. ಅಳತೆ ಆಗಿಲ್ಲ. ಠಾಣೆಯಲ್ಲಿ 'ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ' ಅಂತ ಹೇಳಿ ಕಳಿಸಿದ್ದಾರೆ. ಈಗ ಮೂರನೇ ಅರ್ಜಿ ಬಂದೂಕಿಗೆ.

ಇದನ್ನು ಟೀ ಅಂಗಡಿಯಲ್ಲಿ ಹೇಳಿದೆ, ಹೆಸರು ಹೇಳದೆ. ಅಲ್ಲಿ ಎರಡು ಪಾರ್ಟಿ ಆಯಿತು. ರೈತನ ಕೈಗೆ ಗನ್ ಕೊಟ್ಟರೆ ಟೊಮೇಟೊ ಕಳ್ಳನೂ ಬರಲ್ಲ, ದಾಯಾದಿಯೂ ಬರಲ್ಲ, ಕೊಡಗಿನಲ್ಲಿ ಇಲ್ವಾ ಅಂತ ಒಬ್ಬರು. ಇನ್ನೊಬ್ಬರು ರಿಟೈರ್ ಆದ ಮೇಷ್ಟ್ರು. ಇರೋ ಲೈಸೆನ್ಸ್ ಎಲ್ಲಾ ಕ್ಯಾನ್ಸಲ್ ಮಾಡಬೇಕು, ಅಮೆರಿಕದಲ್ಲಿ ಸ್ಕೂಲು ಮಕ್ಕಳ ಗತಿ ನೋಡಿ ಅಂದರು. ಮೂರನೆಯವರು ಟೀ ಕುಡಿದು 'ಪೊಲೀಸ್ರು ಸರಿಯಾಗಿ ಬಾರಿಸಿದ್ರೆ ಗನ್ನೂ ಬೇಡ ಕಾನೂನೂ ಬೇಡ' ಅಂತ ಎದ್ದು ಹೋದರು. ಮೂರು ಮಾತೂ ನನಗೆ ಅರ್ಧರ್ಧ ಸರಿ ಅನ್ನಿಸಿತು. ಉಳಿದರ್ಧ ಏನು ಅಂತ ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು.

ಕೊಡಗಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ಅಲ್ಲಿ ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿ ಇರುವವರಿಗೆ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಕೈಲ್ ಪೋಳ್ದ್ ಹಬ್ಬಕ್ಕೆ ಹೂವಿಟ್ಟು ಪೂಜೆ ಮಾಡುವ ವಸ್ತು. ನಮ್ಮ ಕಡೆ ಹಳಬರ ಬಾಯಲ್ಲಿ ತುಪಾಕಿ, ಅಂದರೆ ಬಂದೂಕು, ಒಂದೋ ಪೊಲೀಸರದ್ದು, ಇಲ್ಲ ಹಿಂದೆ ಗೌಡರ ಮನೆಯ ಗೋಡೆಗೆ ತೂಗುಹಾಕಿದ್ದು. ಅಲ್ಲಿಯದ್ದನ್ನು ತಂದು ಇಲ್ಲಿ ನೆಟ್ಟರೆ ಚಿಗುರುತ್ತದೆ ಅಂತ ನಾನು ನಂಬಲ್ಲ.

ಇನ್ನು ಅಮೆರಿಕ. ನನ್ನ ತಂಗಿ ಮಗ ಟೆಕ್ಸಾಸಿನಲ್ಲಿದ್ದಾನೆ. ಭಾನುವಾರ ಬೆಳಗ್ಗೆ ಫೋನ್ ಮಾಡುತ್ತಾನೆ. ಈ ಸಲ ಪೂರ್ತಿ ಇದೇ ಮಾತಾಯಿತು. ಅಲ್ಲಿ 2021ರಲ್ಲಿ ಕೊಲೆಯಾದವರು 26,031 ಜನ. ಅದರಲ್ಲಿ 20,958 ಜನ ಗುಂಡಿಗೆ ಸತ್ತವರು. ನೂರಕ್ಕೆ ಎಂಬತ್ತು. ಗುಂಡಿನಿಂದ ಆತ್ಮಹತ್ಯೆ ಮಾಡಿಕೊಂಡವರು ಇನ್ನೂ ಜಾಸ್ತಿ, 26,328. ಜನರ ಕೈಯಲ್ಲಿರುವ ಬಂದೂಕು ನೂರು ಜನಕ್ಕೆ 120ರ ಲೆಕ್ಕ ಅಂತ 2018ರ ಒಂದು ಅಂದಾಜು. ಜನಕ್ಕಿಂತ ಬಂದೂಕೇ ಜಾಸ್ತಿ. ನಮ್ಮ ದೇಶದಲ್ಲಿ ಅದೇ ಅಂದಾಜಿನ ಪ್ರಕಾರ ನೂರಕ್ಕೆ ಐದು, ಅದರಲ್ಲೂ ಹೆಚ್ಚಿನವು ಲೈಸೆನ್ಸ್ ಇಲ್ಲದವು.

ಇದನ್ನು ನೋಡಿದರೆ ನಮ್ಮ ಕಾನೂನಿಗೆ ಒಂದು ನಮಸ್ಕಾರ ಹಾಕಬೇಕು. 1878ರಲ್ಲಿ ಬ್ರಿಟಿಷರು ಶಸ್ತ್ರ ಕಾಯ್ದೆ ತಂದದ್ದು ನಮ್ಮ ಒಳ್ಳೇದಕ್ಕಲ್ಲ, ತಮ್ಮ ಭಯಕ್ಕೆ. ಆದರೆ ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ನಾವೇ ಮಾಡಿಕೊಂಡ ಕಾಯ್ದೆಯಲ್ಲೂ ಬಂದೂಕು ಹಕ್ಕಲ್ಲ, ಕೇಳಿ ಪಡೆಯುವ ಅನುಮತಿ. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರಿಗೆ ಎರಡೇ, ಮೊದಲು ಮೂರಿತ್ತು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಇದೆಲ್ಲ ಇರಲಿ. ಸಡಿಲ ಮಾಡಬೇಡಿ.

ಯಾಕೆ ಅಂದರೆ ನಮ್ಮ ಊರುಗಳಲ್ಲಿ ಜಗಳಕ್ಕೆ ಬರ ಇಲ್ಲ. ಬದು, ಬೋರು, ದಾರಿ, ಹುಣಸೇ ಮರ, ಗ್ರಾಮ ಪಂಚಾಯ್ತಿ ಎಲೆಕ್ಷನ್. ಕೈಗೆ ಸಿಕ್ಕಿದ್ದು ದೊಣ್ಣೆಯಾದರೆ ತಲೆಗೆ ಆರು ಹೊಲಿಗೆ. ಮಚ್ಚಾದರೆ ಕೈ ಹೋಗಬಹುದು. ಅದೇ ಸಿಟ್ಟಿಗೆ ಬಂದೂಕು ಸಿಕ್ಕಿದ್ದರೆ ಆಸ್ಪತ್ರೆವರೆಗೆ ಹೋಗುವ ಕೆಲಸವೇ ಇರುತ್ತಿರಲಿಲ್ಲ. ಮಾರನೇ ದಿನ ನನ್ನ ಮೇಜಿನ ಮುಂದೆ ಬ್ಯಾಂಡೇಜ್ ಕಟ್ಟಿಕೊಂಡು ಕೂತು ದೂರು ಬರೆಸಿದ ಎಷ್ಟೋ ಜನರ ಮುಖ ನೆನಪಿದೆ. ಅವರೆಲ್ಲ ಬದುಕಿ ಬಂದು ಕೂತಿದ್ದಕ್ಕೆ ಆ ಹಳೇ ಕಾಯ್ದೆಗೂ ಒಂದು ಪಾಲಿದೆ.

ಆದರೆ ಮೇಷ್ಟ್ರ ಜೊತೆ ನಾನು ಇಲ್ಲಿವರೆಗೆ ಮಾತ್ರ.

ನಮ್ಮದೇ ತಾಲ್ಲೂಕಿನ ಕಂಬಾಲಪಲ್ಲಿ. 2000ನೇ ಇಸವಿ ಮಾರ್ಚ್ 11. ಆಗಿನ್ನೂ ನಾವು ಕೋಲಾರ ಜಿಲ್ಲೆ. ಏಳು ಜನ ದಲಿತರನ್ನು ಬೆಂಕಿ ಹಚ್ಚಿ ಸುಟ್ಟರು. ಅಲ್ಲಿ ಯಾವ ಬಂದೂಕಿತ್ತು? ಯಾವ ಲೈಸೆನ್ಸು ಅದನ್ನು ತಡೆಯುತ್ತಿತ್ತು? ಬೆಂಕಿಪೊಟ್ಟಣಕ್ಕೆ ಡಿಸಿ ಆಫೀಸಿನಿಂದ ಅನುಮತಿ ಬೇಕಾಗಿಲ್ಲ. ಆ ಊರಿನ ಹಗೆ ಆವತ್ತು ಸಂಜೆ ಹುಟ್ಟಿದ್ದೂ ಅಲ್ಲ. ಆಮೇಲೆ ಕೋರ್ಟಿನಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟಿನಲ್ಲೂ ಅದೇ ಉಳಿಯಿತು. ಏಳು ಜನ ಸತ್ತಿದ್ದು ನಿಜ, ಸಾಯಿಸಿದವರು ಯಾರೂ ಇಲ್ಲ.

ನಾನು ಆಗ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದೆ. ಆ ವಾರ ಚಿಂತಾಮಣಿಗೆ ಬಂದಷ್ಟು ಕಾರುಗಳನ್ನು ಆಮೇಲೆ ನೋಡಿಲ್ಲ. ಮಂತ್ರಿಗಳು, ಪೇಪರಿನವರು, ಸಂಘಗಳವರು. ಬಂದೋಬಸ್ತಿಗೆ ವ್ಯಾನುಗಟ್ಟಲೆ ಪೊಲೀಸರು. ಅಷ್ಟು ಪೊಲೀಸರಲ್ಲಿ ನಾಲ್ಕೇ ನಾಲ್ಕು ಜನ ಒಂದು ತಿಂಗಳು ಮುಂಚೆ ಬಂದು ಆ ಊರಿನ ಅರಳಿಕಟ್ಟೆಯಲ್ಲಿ ಕೂತಿದ್ದರೆ? ಈ ಪ್ರಶ್ನೆ ಇಪ್ಪತ್ತೈದು ವರ್ಷದಿಂದ ನನ್ನ ತಲೆಯಲ್ಲಿದೆ.

ನಮ್ಮದೇ ಜಿಲ್ಲೆಯ ಹಿರೇನಾಗವಲ್ಲಿಯೂ ನೆನಪಿರಬೇಕು. 2021ರ ಫೆಬ್ರವರಿ, ಕಲ್ಲು ಸಿಡಿಸುವ ಜಿಲೆಟಿನ್ ಸಿಡಿದು ಆರು ಜನ ಹೋದರು. ಅದಕ್ಕೆ ಒಂದು ತಿಂಗಳ ಮುಂಚೆ ತಾನೇ ಶಿವಮೊಗ್ಗದ ಹುಣಸೋಡಿನಲ್ಲಿ ಇದೇ ಥರ ಆಗಿ ರಾಜ್ಯವೆಲ್ಲ ಎದ್ದು ಕೂತಿತ್ತು. ಅದು ಜಗಳವಲ್ಲ, ಕ್ವಾರಿ ವ್ಯವಹಾರ. ಆದರೂ ಹೇಳುತ್ತಿದ್ದೇನೆ, ಸ್ಫೋಟಕಕ್ಕೆ ಕಾನೂನು ಇರುವುದು 1884ರಿಂದ. ಪುಸ್ತಕದಲ್ಲಿ ಕಾನೂನಿಗೆ ಏನೂ ಕಮ್ಮಿ ಇರಲಿಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2022ರಲ್ಲಿ ನಮ್ಮ ದೇಶದಲ್ಲಿ ದಾಖಲಾದ ಕೊಲೆ ಕೇಸು 28,522. ಅದರಲ್ಲಿ 9,962ಕ್ಕೆ ಕಾರಣ ತಕರಾರು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಬರೆದಿದೆ. ಹಗೆತನಕ್ಕೆ 3,761. ದುಡ್ಡು, ಒಡವೆಯ ಆಸೆಗೆ ಆದದ್ದು 1,884 ಮಾತ್ರ. ಅಂದರೆ ಕತ್ತಲಲ್ಲಿ ಬಂದು ಎಲ್ಲಿಂದಲೋ ಎರಗುವ ಕಳ್ಳ ದರೋಡೆಕೋರ ಕಮ್ಮಿ. ಗೊತ್ತಿರುವ ಮುಖ, ಗೊತ್ತಿರುವ ಜಗಳ ಜಾಸ್ತಿ. ತಕರಾರು ಅಂದರೆ ಅದಕ್ಕೆ ವಯಸ್ಸಿರುತ್ತದೆ. ಎಷ್ಟೋ ಸಲ ಅದರ ಮೊದಲ ಕಾಗದ ನನ್ನಂಥವನ ಮೇಜಿನಲ್ಲಿ ಹುಟ್ಟಿರುತ್ತದೆ.

ನನ್ನ ಮನೆಯದೇ ಒಂದು ಹೇಳುತ್ತೇನೆ. ಯಾವ ಠಾಣೆ ಅಂತ ಹೇಳಲ್ಲ, ಆವತ್ತು ಇದ್ದವರೆಲ್ಲ ಈಗ ರಿಟೈರ್ ಆಗಿದ್ದಾರೆ. ನಮ್ಮ ಅಕ್ಕನ ಗಂಡನಿಗೂ ಪಕ್ಕದ ಹೊಲದವರಿಗೂ ಎತ್ತಿನಗಾಡಿ ದಾರಿಯ ವಿಷಯಕ್ಕೆ ಮಾತು ಬೆಳೆಯಿತು. ಭಾವ ಮೂರು ಸಲ ಠಾಣೆಗೆ ಹೋದರು. ಮೂರು ಅರ್ಜಿಯನ್ನೂ ನಾನೇ ಟೈಪ್ ಮಾಡಿದ್ದೆ, ಕಾರ್ಬನ್ ಕಾಪಿ ಈಗಲೂ ಇದೆ. ಮೊದಲ ಸಲ ಅರ್ಜಿ ತೆಗೆದುಕೊಂಡು ಹಿಂಬರಹ, ಅಂದರೆ ಅರ್ಜಿ ಬಂದಿದೆ ಅನ್ನುವ ಚೀಟಿ, ಕೊಡಲಿಲ್ಲ. ಎರಡನೇ ಸಲ ಇಬ್ಬರನ್ನೂ ಕರೆಸಿ ರಾಜಿ ಮಾಡಿಸಿದರು. ರಾಜಿ ಅಂದರೆ ಇಬ್ಬರ ಕೈಯಲ್ಲೂ ಸಹಿ ಹಾಕಿಸಿ, ಇಬ್ಬರಿಗೂ ಬೈದು ಕಳಿಸುವುದು. ಮೂರನೇ ಸಲ 'ಮತ್ತೆ ಬಂದ್ಯಾ?' ಅಂದರಂತೆ. ನಾಲ್ಕನೇ ಸಲ ಭಾವ ಹೋಗಲಿಲ್ಲ. ಆಸ್ಪತ್ರೆಯಿಂದ ಠಾಣೆಗೆ ಮೆಮೊ ಹೋಯಿತು. ಕುಡುಗೋಲಿನ ಏಟಿಗೆ ಬಲಗೈಯ ಎರಡು ಬೆರಳು ಹೋಗಿದ್ದವು. ಆಗ ಮಾತ್ರ ಜೀಪು ಹತ್ತು ನಿಮಿಷದಲ್ಲಿ ಊರಿಗೆ ಬಂತು.

ಭಾವನಿಗೆ ಈಗಲೂ ಊಟಕ್ಕೆ ಎಡಗೈ. ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ, ಮದುವೆ ಪಂಕ್ತಿಯಲ್ಲಿ ಮಾತ್ರ ಅವರು ಕೊನೆಗೆ ಕೂರುತ್ತಾರೆ.

ಗಂಭೀರ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿ ಆಗಿದೆ. ಅದು ಆದಮೇಲೆ ಸ್ವಲ್ಪ ಬದಲಾವಣೆ ಆಗಿದೆ, ಇಲ್ಲ ಅನ್ನಲ್ಲ. ಆದರೆ ತಕರಾರಿನ ಅರ್ಜಿ ಮೊದಲ ಸಲ ಬರುವಾಗ ಅದರಲ್ಲಿ ಗಂಭೀರ ಅಪರಾಧ ಇರುವುದಿಲ್ಲ. ಬೈದರು, ತಳ್ಳಿದರು, ಪೈಪು ಕಿತ್ತರು, ನೋಡ್ಕೋತೀನಿ ಅಂದರು. ಇಷ್ಟೇ. ಕಾನೂನಿನ ಕಣ್ಣಿಗೆ ಸಣ್ಣದು. ಈ ಸಣ್ಣದಕ್ಕೂ ನಿಮ್ಮಿಬ್ಬರ ಕೈಯಲ್ಲಿ ಒಂದು ಮದ್ದಿದೆ. ಅದನ್ನು ನಾವು ಈಗಲೂ ನೂರಾ ಏಳು ಅಂತಲೇ ಕರೆಯುತ್ತೇವೆ.

ಹಳೇ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಂ. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 126. ಶಾಂತಿ ಕದಡಬಹುದು ಅಂತ ಅನುಮಾನ ಇದ್ದವರಿಂದ ಒಂದು ವರ್ಷದವರೆಗೆ ಜಗಳ ಮಾಡಲ್ಲ ಅನ್ನುವ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಪೊಲೀಸರು ವರದಿ ಕೊಡಬೇಕು, ತಹಶೀಲ್ದಾರರು ದಂಡಾಧಿಕಾರಿಯಾಗಿ ಬರೆಸಿಕೊಳ್ಳಬೇಕು. ಗಣೇಶನ ಹಬ್ಬಕ್ಕೆ ಮುಂಚೆ, ಎಲೆಕ್ಷನ್ನಿಗೆ ಮುಂಚೆ ರೌಡಿ ಶೀಟಿನವರನ್ನು ಸಾಲಾಗಿ ನಿಲ್ಲಿಸಿ ಇದನ್ನು ಮಾಡುತ್ತಾರೆ. ನಾನೇ ಎಷ್ಟೋ ಜನರಿಗೆ ಬಾಂಡ್ ಪೇಪರ್ ತುಂಬಿಕೊಟ್ಟಿದ್ದೇನೆ. ಆದರೆ ಬದುವಿನ ಜಗಳಕ್ಕೆ ಬರೆಸಿದ್ದನ್ನು ಬೆರಳೆಣಿಕೆಯಷ್ಟು ನೋಡಿದ್ದೇನೆ. ಹಬ್ಬಕ್ಕೆ ಕ್ಯಾಲೆಂಡರ್ ಇದೆ, ಹಗೆಗೆ ಕ್ಯಾಲೆಂಡರ್ ಇಲ್ಲ. ಅದಕ್ಕೇ ಇರಬೇಕು.

ಈಗ ನನಗೆ ಬಹಳ ದೊಡ್ಡದು ಅನ್ನಿಸಿದ ವಿಷಯಕ್ಕೆ ಬರುತ್ತೇನೆ. ಶಸ್ತ್ರ ಕಾಯ್ದೆಯ 9ನೇ ಕಲಂ ಯಾರು ಬಂದೂಕು ಇಟ್ಟುಕೊಳ್ಳಬಾರದು ಅಂತ ಹೇಳುತ್ತದೆ. ಅದರಲ್ಲಿ ಹೀಗೆ ಶಾಂತಿಗೆ ಮುಚ್ಚಳಿಕೆ ಬರೆದುಕೊಟ್ಟವರೂ ಇದ್ದಾರೆ, ಆ ಮುಚ್ಚಳಿಕೆಯ ಅವಧಿ ಮುಗಿಯುವ ತನಕ. ನೋಡಿ, ಕಾನೂನು ಬರೆದವರು ಎಷ್ಟು ಯೋಚನೆ ಮಾಡಿದ್ದಾರೆ! ಜಗಳ ನಡೆಯುತ್ತಿರುವವನ ಕೈಗೆ ಬಂದೂಕು ಹೋಗಬಾರದು ಅಂತ ಬಾಗಿಲು ಇಟ್ಟಿದ್ದಾರೆ. ಆದರೆ ಆ ಬಾಗಿಲಿಗೆ ಚಿಲಕ ಹಾಕುವವರು ಠಾಣೆಯವರು. ಅರ್ಜಿ ಕೊಟ್ಟಾಗ ಹಿಂಬರಹ ಇಲ್ಲ, ವರದಿ ಇಲ್ಲ, ಮುಚ್ಚಳಿಕೆ ಇಲ್ಲ. ನಾಳೆ ಅದೇ ಮನುಷ್ಯನ ಲೈಸೆನ್ಸ್ ಫೈಲು ಪರಿಶೀಲನೆಗೆ ಅದೇ ಠಾಣೆಗೆ ಬರುತ್ತದೆ. ರಿಜಿಸ್ಟರ್ ನೋಡುತ್ತಾರೆ. ಖಾಲಿ. 'ಅರ್ಜಿದಾರರ ಮೇಲೆ ಯಾವುದೇ ಪ್ರಕರಣ ದಾಖಲಾಗಿರುವುದಿಲ್ಲ.' ಸುಳ್ಳಲ್ಲ. ದಾಖಲಾಗಿಲ್ಲ, ಅಷ್ಟೇ.

ತಂಗಿ ಮಗನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. 'ಮಾವ, ಇದು ನಮ್ ಟೆಕ್ಸಾಸಲ್ಲೇ ಆಗಿದೆ' ಅಂದ. 2017ರ ನವೆಂಬರ್ 5, ಸದರ್ಲೆಂಡ್ ಸ್ಪ್ರಿಂಗ್ಸ್ ಅನ್ನುವ ಸಣ್ಣ ಊರು, ಭಾನುವಾರದ ಚರ್ಚು. ಒಬ್ಬ ಒಳಗೆ ನುಗ್ಗಿ ಗುಂಡು ಹಾರಿಸಿದ. ಬಸುರಿಯ ಹೊಟ್ಟೆಯಲ್ಲಿದ್ದ ಮಗುವನ್ನೂ ಸೇರಿಸಿ 26 ಜೀವ. ಅವನು ಮೊದಲು ವಾಯುಪಡೆಯಲ್ಲಿದ್ದವನು. ಹೆಂಡತಿ ಮಗುವಿಗೆ ಹೊಡೆದು ಶಿಕ್ಷೆಯಾಗಿತ್ತು. ಅಂಥವನಿಗೆ ಬಂದೂಕು ಮಾರಬಾರದು ಅಂತ ಅಮೆರಿಕದಲ್ಲೂ ಕಾನೂನಿದೆ. ಅಂಗಡಿಯವನು ಕಂಪ್ಯೂಟರಿನಲ್ಲಿ ಹೆಸರು ನೋಡಿಯೇ ಮಾರಬೇಕು. ಆದರೆ ವಾಯುಪಡೆಯವರು ಶಿಕ್ಷೆಯ ವಿವರವನ್ನು ಆ ಕಂಪ್ಯೂಟರಿಗೆ ಕಳಿಸಿರಲೇ ಇಲ್ಲ. ಅವನು ನೇರವಾಗಿ ಅಂಗಡಿಯಲ್ಲೇ ಬಂದೂಕು ಕೊಂಡ. 2021ರಲ್ಲಿ ಅಲ್ಲಿನ ಕೋರ್ಟು ಆ ಸಾವುಗಳಿಗೆ ಶೇ. 60 ಹೊಣೆ ಸರ್ಕಾರದ್ದೇ ಅಂತ ಹೇಳಿತು.

ಬಂದೂಕು ಕಾನೂನು ಮುಖ್ಯವೋ ಪೊಲೀಸಿಂಗ್ ಮುಖ್ಯವೋ ಅಂತ ಕೇಳುವವರಿಗೆ ನಾನು ಈ ಕಥೆ ಹೇಳುತ್ತೇನೆ. ಕಾನೂನು ಇತ್ತು. ಒಂದು ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲಿಲ್ಲ.

ಆಸ್ಟ್ರೇಲಿಯಾದವರು ಬೇರೆ ದಾರಿ ಹಿಡಿದರು. 1996ರಲ್ಲಿ ಪೋರ್ಟ್ ಆರ್ಥರಿನಲ್ಲಿ ಒಬ್ಬನೇ 35 ಜನರನ್ನು ಕೊಂದ ಮೇಲೆ ಕಾನೂನು ಬಿಗಿ ಮಾಡಿ, ದುಡ್ಡು ಕೊಟ್ಟು ಆರು ಲಕ್ಷಕ್ಕೂ ಮೀರಿ ಬಂದೂಕು ವಾಪಸ್ ತೆಗೆದುಕೊಂಡು ನಾಶ ಮಾಡಿದರು. ಅಲ್ಲಿ ಆ ಬಂದೂಕುಗಳು ಸಾಮಾನ್ಯ ಜನರ ಮನೆಯಲ್ಲೇ ಇದ್ದವು. ನಮ್ಮಲ್ಲಿ ಕೊಲ್ಲುವ ಬಂದೂಕು ಲೆಕ್ಕದಲ್ಲಿ ಇರುವುದು ಕಮ್ಮಿ. ಕಲಬುರ್ಗಿಯವರನ್ನು 2015ರಲ್ಲಿ ಧಾರವಾಡದಲ್ಲಿ, ಗೌರಿ ಲಂಕೇಶ್ ಅವರನ್ನು 2017ರಲ್ಲಿ ಬೆಂಗಳೂರಿನಲ್ಲಿ ಕೊಂದದ್ದು ನಾಡ ಪಿಸ್ತೂಲಿನಿಂದ, 7.65 ಎಂಎಂ. ಎರಡೂ ಕಡೆ ಸಿಕ್ಕ ಗುಂಡುಗಳನ್ನು ಹೋಲಿಸಿ ಪಿಸ್ತೂಲು ಒಂದೇ ಅಂತ ಫೊರೆನ್ಸಿಕ್‌ನವರು ಹೇಳಿದರು. ಅದಕ್ಕೆ ಯಾವ ಡಿಸಿಯೂ ಲೈಸೆನ್ಸ್ ಕೊಟ್ಟಿರಲಿಲ್ಲ. ಎರಡು ವರ್ಷ ಯಾರಿಗೂ ಸಿಗದ ಜಾಡು ಗೌರಿ ಕೇಸಿನ ಎಸ್‌ಐಟಿಗೆ ಸಿಕ್ಕಿತು. ಮಾಡಿದವರು ನಮ್ಮ ಕರ್ನಾಟಕದ ಪೊಲೀಸರೇ. ತಿಂಗಳುಗಟ್ಟಲೆ ಕೂತು, ಫೋನ್ ಮಾತು ಕೇಳಿ, ಡೈರಿಯ ಗುಪ್ತ ಬರಹ ಓದಿ ಮಾಡಿದ ಕೆಲಸ. ಹಾಗೆ ಮಾಡಬಲ್ಲವರು ನಮ್ಮಲ್ಲಿ ಇದ್ದಾರೆ ಅನ್ನುವುದಕ್ಕೇ ಇದನ್ನು ಹೇಳಿದೆ.

ಇನ್ನು ಟೀ ಅಂಗಡಿಯ ಮೂರನೆಯವರಿಗೆ, 'ಬಾರಿಸಿದ್ರೆ' ಅಂದವರಿಗೆ. ಪೊಲೀಸಿಂಗ್ ಗಟ್ಟಿಯಾಗಬೇಕು ಅಂದರೆ ಲಾಠಿ ದಪ್ಪ ಆಗಬೇಕು ಅಂತ ಅಲ್ಲ. ನಮ್ಮ ಜಿಲ್ಲೆಯವರು ಇದನ್ನು ಮರೆಯಬಾರದು. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು ಪೊಲೀಸರೇ. ಸತ್ತವರ ಲೆಕ್ಕ ಸರ್ಕಾರದ ಬಾಯಲ್ಲಿ ಒಂದು, ಊರಿನ ಬಾಯಲ್ಲಿ ಇನ್ನೊಂದು. ಸ್ಕೂಲಿನಲ್ಲಿದ್ದಾಗ ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ನಾವು ಮಕ್ಕಳು ನಾಗರಕಲ್ಲುಗಳನ್ನು ಎಣಿಸುತ್ತಾ ಓಡಾಡಿದ್ದೇ ಜಾಸ್ತಿ.

ಸುಮ್ನೆ ಜೀಪು ಸುತ್ತಿಸುವುದೂ ಅಲ್ಲ. ಇದನ್ನೂ ತಂಗಿ ಮಗನೇ ಹುಡುಕಿ ಹೇಳಿದ್ದು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972-73ರಲ್ಲಿ ಒಂದು ಪರೀಕ್ಷೆ ಮಾಡಿದರಂತೆ. ಊರಿನ ಕೆಲವು ಬೀಟುಗಳಲ್ಲಿ, ಅಂದರೆ ಪೊಲೀಸರಿಗೆ ಹಂಚಿಕೊಟ್ಟ ಭಾಗಗಳಲ್ಲಿ, ಗಸ್ತು ಪೂರ್ತಿ ನಿಲ್ಲಿಸಿದರು. ಕೆಲವು ಕಡೆ ಎರಡು ಮೂರು ಪಟ್ಟು ಮಾಡಿದರು. ಕೆಲವು ಕಡೆ ಮೊದಲಿದ್ದ ಹಾಗೇ. ವರ್ಷ ಆದಮೇಲೆ ನೋಡಿದರೆ ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! ಅದೇ ಊರಿನಲ್ಲಿ 1992-93ರಲ್ಲಿ ಗುಂಡಿನ ಕಾಟ ಜಾಸ್ತಿ ಇದ್ದ ಒಂದೇ ಬೀಟಿಗೆ ಹೆಚ್ಚಿನ ಪೊಲೀಸರನ್ನು ಹಾಕಿ, ಅಕ್ರಮ ಬಂದೂಕು ಹುಡುಕುವುದೊಂದೇ ಕೆಲಸ ಕೊಟ್ಟರು. ಸಿಕ್ಕ ಬಂದೂಕು ಶೇ. 65 ಹೆಚ್ಚಾಯಿತು. ಗುಂಡಿನ ಅಪರಾಧ ಶೇ. 49 ಕಮ್ಮಿಯಾಯಿತು. ಪೊಲೀಸರು ಅವರೇ, ಊರು ಅದೇ. ಎಲ್ಲಿ, ಯಾಕೆ ಹೋಗಬೇಕು ಅನ್ನುವುದು ಗೊತ್ತಿತ್ತು.

ನಮ್ಮ ಹಳ್ಳಿಗಳಿಗೆ ಎಲ್ಲಿ ಹೋಗಬೇಕು ಅಂತ ಹೇಳಲು ಯಾವ ವಿಜ್ಞಾನವೂ ಬೇಡ. ಬೀಟ್ ಕಾನ್‌ಸ್ಟೆಬಲ್‌ಗೆ ಗೊತ್ತು. ಗೊತ್ತಾಗುವಷ್ಟು ದಿನ ಅವರನ್ನು ಅಲ್ಲಿ ಬಿಟ್ಟರೆ. ನನ್ನ ಅಂಗಡಿಗೆ ಟೀ ಕುಡಿಯಲು ಬರುವ ಒಬ್ಬ ಹೆಡ್ ಕಾನ್‌ಸ್ಟೆಬಲ್ ಇದ್ದರು. ಯಾವ ಊರಲ್ಲಿ ಯಾರ ಯಾರ ನಡುವೆ ಮಾತಿಲ್ಲ, ಯಾರ ಮಗ ಬೆಂಗಳೂರಿಂದ ಯಾವ ಸಹವಾಸ ಕಲಿತು ಬಂದಿದ್ದಾನೆ, ಎಲ್ಲಾ ಬಾಯಿಪಾಠ. ಒಂದು ಡೈರಿ ಕೂಡ ಇಟ್ಟಿರಲಿಲ್ಲ. ಅವರು ಟ್ರಾನ್ಸ್‌ಫರ್ ಆದ ದಿನ ಆ ಎಲ್ಲಾ ಮಾಹಿತಿಯೂ ಬಸ್ ಹತ್ತಿ ಹೊರಟುಹೋಯಿತು. ಆಮೇಲೆ ಬಂದವರು ಒಳ್ಳೆಯ ಹುಡುಗ. ಆದರೆ ವಾರದಲ್ಲಿ ಮೂರು ದಿನ ಬಂದೋಬಸ್ತು. ಶನಿವಾರ ಭಾನುವಾರ ನಂದಿ ಬೆಟ್ಟದ ಟ್ರಾಫಿಕ್ಕು, ಮಧ್ಯದಲ್ಲಿ ಯಾರಾದರೂ ದೊಡ್ಡವರು ಬಂದರೆ ಹೈವೇಯಲ್ಲಿ ನಿಲ್ಲಬೇಕು. ಬೀಟಿಗೆ ಯಾವಾಗ ಹೋಗ್ತೀಯಪ್ಪಾ ಅಂದರೆ ನಗುತ್ತಾನೆ.

ಠಾಣೆಯ ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಕೆಲಸ ಕೊಡಿ, ತನಿಖೆಯನ್ನೂ ಬಂದೋಬಸ್ತನ್ನೂ ಬೇರೆ ಬೇರೆ ಮಾಡಿ ಅಂತ ಸುಪ್ರೀಂ ಕೋರ್ಟು 2006ರಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಅದನ್ನು ಪೂರ್ತಿ ಜಾರಿ ಮಾಡುವುದು ನಿಮ್ಮಿಬ್ಬರ ಕೈಯಲ್ಲಿಲ್ಲ, ಗೊತ್ತು. ನಿಮ್ಮ ಕೈಯಲ್ಲಿ ಇರುವುದನ್ನು ಮಾತ್ರ ಕೇಳುತ್ತೇನೆ.

ವರಿಷ್ಠಾಧಿಕಾರಿಗಳೇ, ಠಾಣೆಗೆ ಬರುವ ಪ್ರತಿ ಅರ್ಜಿಗೂ ನಂಬರ್ ಹಾಕಿ, ಹಿಂಬರಹ ಕೊಡಿಸಿ. ಸಿವಿಲ್ ಮ್ಯಾಟರೇ ಆಗಿರಲಿ. ಒಂದೇ ಮನೆಯಿಂದ, ಒಂದೇ ಎದುರಾಳಿಯ ಮೇಲೆ ಎರಡನೇ ಅರ್ಜಿ ಬಂದರೆ ಅದು ಠಾಣೆಯ ಮೇಜಿನಲ್ಲಿ ನಿಲ್ಲದೆ ಡಿವೈಎಸ್‌ಪಿಯವರ ಮೇಜಿಗೆ ಹೋಗಲಿ. ಹೆಂಗಸರು ಗಂಡನ ಹೊಡೆತದ ಬಗ್ಗೆ ಬರೆಸುವ ಅರ್ಜಿಗೂ ಇದೇ. 'ಸಂಸಾರ ಅಂದ್ಮೇಲೆ ಇರತ್ತಮ್ಮ' ಅಂತ ವಾಪಸ್ ಕಳಿಸಿದವರ ಪೈಕಿ ಇಬ್ಬರ ಮರಣೋತ್ತರ ಪರೀಕ್ಷೆ ವರದಿಯ ನಕಲಿಗೆ ನಾನೇ ಅರ್ಜಿ ಬರೆದುಕೊಟ್ಟಿದ್ದೇನೆ. ಬರೆಸಲು ಬಂದಿದ್ದು ಅವರ ಅಪ್ಪಂದಿರು.

ಎಲೆಕ್ಷನ್ ಬಂದಾಗ ಲೈಸೆನ್ಸ್ ಇರುವ ಬಂದೂಕುಗಳನ್ನು ಠಾಣೆಗೆ ತಂದಿಡಿ ಅಂತೀರಿ. ರೈತರು ಗೊಣಗುತ್ತಾ ತಂದಿಡುತ್ತಾರೆ. ಎಲೆಕ್ಷನ್ ಮುಗಿದ ಮೇಲೆ ಚೀಟಿ ತೋರಿಸಿ ತೆಗೆದುಕೊಂಡು ಹೋಗುತ್ತಾರೆ. ವಾಪಸ್ ಕೊಡುವ ಮುಂಚೆ ಆ ಹೆಸರನ್ನು ಅರ್ಜಿ ರಿಜಿಸ್ಟರಿನ ಪಕ್ಕ ಇಟ್ಟು ನೋಡಲು ಒಂದು ದಿನ ಸಾಕು. ಶಾಂತಿಗೆ ಧಕ್ಕೆ ಅನ್ನಿಸಿದರೆ ಲೈಸೆನ್ಸ್ ಅಮಾನತಿನಲ್ಲಿಡಲು 17ನೇ ಕಲಂ ಇದ್ದೇ ಇದೆ.

ಜಿಲ್ಲಾಧಿಕಾರಿಗಳೇ, ನಿಮ್ಮ ಹತ್ತಿರ ಬರುವ ಲೈಸೆನ್ಸ್ ಅರ್ಜಿಯಲ್ಲಿ 'ಆತ್ಮರಕ್ಷಣೆ' ಅಂತ ಇದ್ದರೆ ಯಾರಿಂದ ಅಂತ ಕೇಳಿಸಿ. ಒಂದೇ ಪ್ರಶ್ನೆ. ಹಂದಿಯಿಂದ ಅಂದರೆ ಸರಿ, ಬೆಳೆ ಕಾಯಲು ಮದ್ದು ತುಂಬುವ ನಾಡ ಬಂದೂಕಿಗೆ ಕಾಯ್ದೆಯಲ್ಲೇ ಅವಕಾಶ ಇದೆ, ರೈತನಿಗೆ ವರ್ಷಗಟ್ಟಲೆ ಅಲೆದಾಡಿಸಬೇಡಿ. ಬಂದೂಕು ಸಿಗದವರು ಹಂದಿಗೆ ಸಿಡಿಮದ್ದು ಇಡುತ್ತಾರೆ, ಅದಕ್ಕೆ ದನ, ನಾಯಿ, ಕೆಲವು ಸಲ ಮಕ್ಕಳೂ ಬಾಯಿ ಕೈ ಕಳೆದುಕೊಳ್ಳುತ್ತಾರೆ. ಆದರೆ ಉತ್ತರದಲ್ಲಿ ಒಬ್ಬ ಮನುಷ್ಯನ ಹೆಸರು ಬಂದರೆ ಆ ಫೈಲು ಲೈಸೆನ್ಸ್ ಶಾಖೆಯಿಂದ ಎದ್ದು ಬೇರೆ ಕಡೆ ಹೋಗಬೇಕು. ಮೊದಲು ತಹಶೀಲ್ದಾರರಿಗೆ, ನೂರಾ ಏಳಕ್ಕೆ. ಆಮೇಲೆ ಸರ್ವೇ ಇಲಾಖೆಗೆ.

ಸರ್ವೇ ಇಲಾಖೆ ಅಂದಾಗ ನಿಮಗೆ ನಗು ಬರಬಹುದು. ಕೊಲೆ ತಡೆಯುವ ಮಾತಿನಲ್ಲಿ ಸರ್ವೇಯರ್ ಯಾಕೆ ಬಂದ ಅಂತ. ಹದ್ದುಬಸ್ತಿನ ಅರ್ಜಿಗಳು ಎಷ್ಟು ತಿಂಗಳಿಂದ ಬಾಕಿ ಇವೆ ಅನ್ನುವ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲಿ ಇರುತ್ತದೆ. ಅದನ್ನು ಊರುವಾರು ಮಾಡಿ ವರಿಷ್ಠಾಧಿಕಾರಿಗಳಿಗೆ ಕೊಡಿ. ಠಾಣೆಯ ಅರ್ಜಿ ರಿಜಿಸ್ಟರನ್ನು ಅದರ ಪಕ್ಕ ಇಡಲಿ. ಎರಡರಲ್ಲೂ ಇರುವ ಸರ್ವೇ ನಂಬರಿಗೆ ಸರ್ವೇಯರ್ ಮೊದಲು ಹೋಗಲಿ, ಜೊತೆಗೆ ಒಬ್ಬ ಕಾನ್‌ಸ್ಟೆಬಲ್ ಹೋಗಲಿ. ಅಳತೆಯ ದಿನವೇ ಹೊಡೆದಾಟ ಆದದ್ದೂ ಉಂಟು.

ಆ ರೈತರ ವಿಷಯ ಹೇಳಿ ನಿಲ್ಲಿಸುತ್ತೇನೆ. ಅವತ್ತು ನಾನು ಲೈಸೆನ್ಸ್ ಅರ್ಜಿ ಸಬ್‌ಮಿಟ್ ಮಾಡಲಿಲ್ಲ. ಸರ್ವರ್ ಇಲ್ಲ ಅಂದೆ. ಸುಳ್ಳು. ಸರ್ವರ್ ಇತ್ತು. ಬದಲಿಗೆ ಹದ್ದುಬಸ್ತಿಗೆ ಒಂದು ಜ್ಞಾಪನ ಪತ್ರ, ಠಾಣೆಗೆ ಇನ್ನೊಂದು ಅರ್ಜಿ ಬರೆದುಕೊಟ್ಟು, ಎರಡಕ್ಕೂ ದುಡ್ಡು ಬೇಡ ಅಂದೆ. ಅವರು ಎರಡನ್ನೂ ಮಡಚಿ ಅದೇ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟರು, ಫೋಟೋಗಳ ಪಕ್ಕ. 'ಇವೆರಡನ್ನೂ ಕೊಟ್ಟು ನೋಡ್ತೀನಣ್ಣ. ಆಗ್ಲಿಲ್ಲ ಅಂದ್ರೆ ಸರ್ವರ್ ಬಂದಿದ್ಯಾ ಅಂತ ಕೇಳಕ್ಕೆ ಬರ್ತೀನಿ' ಅಂದರು.

ಅವರ ಹದ್ದುಬಸ್ತು ಅರ್ಜಿಯ ನಂಬರು ನನ್ನ ಹತ್ತಿರ ಇದೆ. ನಿಮ್ಮ ಕಚೇರಿಯಿಂದ ಯಾರಾದರೂ ಬಂದು ಕೇಳಿದರೆ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅರ್ಜಿ ಬರೆಯುವವನು
ಚಿಂತಾಮಣಿ